ಪೇಷೆಂಟ್ ಕಡೆಯವರು

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಯಾವ ವಾರ್ಡಿನ ಮುಂದೆ ನಿಂತರೂ ಒಂದು ಕೂಗು ಕೇಳಿಸುತ್ತಲೇ ಇರುತ್ತದೆ: ‘ಪೇಷೆಂಟ್ ಕಡೆಯವ್ರು ಯಾರ್ರೀ?’ ಬೆಂಚಿನಿಂದ ಒಬ್ಬರು ಎದ್ದು ಓಡುತ್ತಾರೆ. ಹೆಚ್ಚಾಗಿ ಹೆಂಗಸು. ಕೈಯಲ್ಲಿ ರಿಪೋರ್ಟು ತುರುಕಿದ ಪ್ಲಾಸ್ಟಿಕ್ ಕವರು, ಹೆಗಲಿನ ಬ್ಯಾಗಿನಲ್ಲಿ ಫ್ಲಾಸ್ಕು. ಈ ಸಂಚಿಕೆಯನ್ನು ಅವರಿಗಾಗಿ ಮೀಸಲಿಟ್ಟಿದ್ದೇವೆ.

ಪೀಣ್ಯದ ಅನೇಕ ಕಾರ್ಮಿಕರು ನಂಬಿರುವ ಆಸ್ಪತ್ರೆ ಇದು. ಇದರ ಹಿಂದಿರುವ, 1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐ ಯೋಜನೆ ಕರುಣೆಯಿಲ್ಲದ್ದೇನಲ್ಲ. ದುಡಿಯುವವರಿಗೇ ಪಾರ್ಶ್ವವಾಯುವೋ ಕ್ಯಾನ್ಸರೋ ಬಂದರೆ, ಪಟ್ಟಿಯಲ್ಲಿರುವ 34 ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೂ ಸಂಬಳದ ಶೇ 80ರಷ್ಟು ಸಿಗುತ್ತದೆ. ಅವಲಂಬಿತ ತಂದೆತಾಯಿಗೂ ಚಿಕಿತ್ಸೆಯುಂಟು. ಆದರೆ ಅವರನ್ನು ನೋಡಿಕೊಳ್ಳಲು ರಜೆ ಹಾಕಿದವಳ ಕೂಲಿ ಯಾವ ಪಟ್ಟಿಗೂ ಸೇರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರ ಭತ್ಯೆಯ ಹೆಸರನ್ನಾದರೂ ಎತ್ತಿತು.

ಲೆಕ್ಕಕ್ಕೆ ಬಾರದ ಈ ದುಡಿಮೆಗೆ ಮನೆಮಂದಿ ಕೊಡುವುದು ಹೊಗಳಿಕೆ. ‘ನಿನ್ನಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮ’ ಅನ್ನಿಸಿಕೊಂಡ ಮೇಲೆ ಬಸವೇಶ್ವರನಗರದ ಸೊಸೆಯೊಬ್ಬಳು ಬಾಯಿಬಿಡುವುದು ಹೇಗೆ? ಬೆಳಗಿನ ಜಾವ ಮೂರನೇ ಸಲ ಹಾಸಿಗೆ ಒದ್ದೆಯಾದಾಗ ಅತ್ತೆಯನ್ನು ಗದರಿದೆ, ಇದೆಲ್ಲ ಒಮ್ಮೆ ಮುಗಿದರೆ ಸಾಕು ಅನ್ನಿಸಿತು ಎಂದು ಯಾರ ಮುಂದೆ ಹೇಳಿಕೊಳ್ಳಬೇಕು? ಗದರಿದ್ದಕ್ಕೆ ಪಾಪಪ್ರಜ್ಞೆ, ಅದು ಕಳೆಯಲೆಂದು ಇನ್ನಷ್ಟು ಸೇವೆ, ಅದರಿಂದ ಇನ್ನಷ್ಟು ದಣಿವು, ಮತ್ತೆ ಗದರಿಕೆ. ಪ್ರೀತಿ ಬತ್ತಿತೇನೋ ಎಂದು ಅವಳಿಗೇ ಅನುಮಾನ. ಬತ್ತಿರುವುದು ನಿದ್ದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಜರಿಟ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 29 ಮಂದಿಯ ಅಧ್ಯಯನವನ್ನು 1980ರಲ್ಲಿ ಪ್ರಕಟಿಸಿದರು. ರೋಗಿಯ ಕಾಟ ಹೆಚ್ಚಿದಷ್ಟೂ ಹೊರೆ ಹೆಚ್ಚೆಂದು ಯಾರಾದರೂ ಊಹಿಸುತ್ತಾರೆ. ಹಾಗೆ ಕಾಣಲಿಲ್ಲ. ಉಳಿದ ನೆಂಟರು ಪದೇ ಪದೇ ಬಂದುಹೋಗುವ ಮನೆಗಳಲ್ಲಿ ಹೊರೆಯ ಭಾವ ಕಡಿಮೆಯಿತ್ತು. ಸಣ್ಣ ಅಧ್ಯಯನವೇ, ಆದರೂ ಅವರು ರೂಪಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ.

ನಮ್ಮಲ್ಲಿ ನೆಂಟರಿಗೆ ಬರವಿಲ್ಲ. ಮೂಸಂಬಿ ಹಿಡಿದು ಬರುತ್ತಾರೆ, ಮಂಚದ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಾರೆ, ಕೆಂಗೇರಿ ಆಚೆಯ ನಾಟಿ ವೈದ್ಯರ ವಿಳಾಸ ಹೇಳುತ್ತಾರೆ, ಕಾಫಿ ಕುಡಿದು ಹೊರಡುತ್ತಾರೆ. ಲೋಟ ತೊಳೆಯುವವಳು ಅವಳೇ. ರಾತ್ರಿ ಹೊರದೇಶದ ಮಗನ ವಿಡಿಯೊ ಕಾಲ್: ‘ಅಮ್ಮನಿಗೆ ಫಿಸಿಯೊಥೆರಪಿ ಸರಿಯಾಗಿ ಮಾಡಿಸ್ತಿದ್ದೀರಾ?’

ಮಾತಾಡಿ ಹಗುರಾಗಬೇಕೆನ್ನುವವರಿಗೆ 2022ರಿಂದ ಟೆಲಿ-ಮಾನಸ್ ಇದೆ; 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಮಗ್ಗುಲು ಬದಲಿಸಲು ಇನ್ನೊಂದು ಜೊತೆ ಕೈಯೇ ಬೇಕು. ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಅಂಥ ಮನೆಗೆ ಹೋಗುವಾಗ ಹಣ್ಣು ಬೇಡ, ಮೂರು ಗಂಟೆ ಬಿಡುವು ಮಾಡಿಕೊಂಡು ಹೋಗಿ. ಯಾವ ಮಾತ್ರೆ ಯಾವಾಗ, ನೀರು ಎಷ್ಟು ಕೊಡಬಹುದು ಎಂದು ಕೇಳಿ ಬರೆದಿಟ್ಟುಕೊಂಡು ಅವಳನ್ನು ಹೊರಗೆ ಕಳಿಸಿ. ವಿಜಯನಗರ ಮಾರ್ಕೆಟ್ಟಿಗೆ ಹೋದಳೋ, ತಂಗಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದಳೋ ವಿಚಾರಿಸಬೇಡಿ. ಈ ಮಾತು ಗಂಡಸರಿಗೆ ಮೊದಲು. ಡಯಾಪರ್ ಬದಲಿಸುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

— ಸಂಪಾದಕ