ಪ್ಲಾಸ್ಟಿಕ್ ಸರ್ಜರಿ ಶಿಕ್ಷಣವನ್ನು ಕುರಿತ ಮನವಿ ಪತ್ರ

ಕರ್ನಾಟಕ ಸರ್ಕಾರದ ವೈದ್ಯಕೀಯ ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿಯವರ ಸನ್ನಿಧಿಗೆ, ಬೆಂಗಳೂರು.

ಮಾನ್ಯರೇ,

ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸುತ್ತಿರುವ ನಾವು ವಿನಯಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ:

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ಚಿತ್ರತಾರೆಯರ ಮೂಗು ಕೆನ್ನೆಗಳು ಜನರ ನೆನಪಿಗೆ ಬರುವುದುಂಟು; ಜಾಹೀರಾತುಗಳು ತೋರಿಸುವುದು ಅಷ್ಟನ್ನೇ ಆದುದರಿಂದ ಅದು ಜನರ ದೋಷವಲ್ಲ. ನಮ್ಮ ಬಳಿಗೆ ಬರುವವರಾದರೋ, ಸ್ಟೌ ಸಿಡಿದು, ಸುಟ್ಟ ಚರ್ಮ ಮುದುರಿ, ಗದ್ದ ಎದೆಗೆ ಅಂಟಿಕೊಂಡ ಹೆಂಗಸರು. ಕಬ್ಬಿನ ಗಾಣಕ್ಕೆ ಬೆರಳು ಸಿಕ್ಕಿದ ಕೂಲಿಯಾಳುಗಳು. ಸೀಳುತುಟಿಯೊಡನೆ ಹುಟ್ಟಿದ ಕೂಸುಗಳು.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಸುಶ್ರುತನ ಮಾತು ಹಾಗಿರಲಿ. ಮೈಸೂರು ಯುದ್ಧದಲ್ಲಿ ಟೀಪೂ ಸುಲ್ತಾನನ ಸೆರೆಗೆ ಸಿಕ್ಕಿ ಮೂಗನ್ನು ಕಳೆದುಕೊಂಡ, ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸ್ಜಿಗೆ, ಪುಣೆಯ ದೇಶೀಯ ಚಿಕಿತ್ಸಕನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಅದನ್ನನುಸರಿಸಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅಲ್ಲಿಯೇ ಆ ಚಿಕಿತ್ಸೆಯನ್ನು ನಡೆಸಿದನು.

ಇಂದು ಈ ವಿದ್ಯೆಯನ್ನು ಅಪೇಕ್ಷಿಸುವ ವಿದ್ಯಾರ್ಥಿಯು ನೀಟ್ ದಾಟಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂ.ಬಿ.ಬಿ.ಎಸ್., ಮೂರು ವರ್ಷ ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂ.ಎಸ್., ಮತ್ತೊಂದು ಪ್ರವೇಶಪರೀಕ್ಷೆಯ ಬಳಿಕ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್., ಹೀಗೆ ಹನ್ನೊಂದೂವರೆ ವರ್ಷಗಳನ್ನು ಸವೆಸಬೇಕು. ಎಂ.ಬಿ.ಬಿ.ಎಸ್. ನಂತರ ಆರು ವರ್ಷಗಳ ಡಿ.ಆರ್.ಎನ್.ಬಿ. ಎಂಬ ನೇರ ಮಾರ್ಗವಿದ್ದರೂ ಅವಧಿಯ ಮೊತ್ತ ಅಷ್ಟೇ. ಇದನ್ನು ಮೊಟಕುಗೊಳಿಸಿರೆಂದು ನಾವು ಬೇಡುತ್ತಿಲ್ಲ. ಒಂದು ಮಿಲಿಮೀಟರ್ ಅಗಲದ ರಕ್ತನಾಳವನ್ನು ಸೂಕ್ಷ್ಮದರ್ಶಕದಡಿಯಲ್ಲಿ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬಲ್ಲ ಕೈ ಅವಸರದಲ್ಲಿ ಪಳಗುವುದಲ್ಲ. ಆ ವರ್ಷಗಳು ಎಲ್ಲಿ, ಯಾರ ಗಾಯಗಳ ಬಳಿಯಲ್ಲಿ ಕಳೆಯತಕ್ಕವು ಎಂಬುದೇ ನಮ್ಮ ಪ್ರಶ್ನೆ.

ಆದಕಾರಣ, ರಾಜ್ಯದ ಎಂ.ಸಿಎಚ್. ವಿದ್ಯಾರ್ಥಿಗಳೆಲ್ಲರನ್ನೂ ಸರದಿಯಂತೆ ಕೆಲವು ತಿಂಗಳು ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ರಾಯಚೂರುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ, ಅನುಭವಿ ಅಧ್ಯಾಪಕರೊಡನೆ, ನಿಯೋಜಿಸಬೇಕು. ರೋಗಿಯ ಮೈಮುಟ್ಟುವ ಮುನ್ನ ಕೋಳಿತೊಡೆಯ ರಕ್ತನಾಳಗಳ ಮೇಲೆ ಹೊಲಿಗೆಯನ್ನು ಅಭ್ಯಾಸಮಾಡಲು ಸೂಕ್ಷ್ಮದರ್ಶಕವುಳ್ಳ ಪ್ರಯೋಗಶಾಲೆಯನ್ನು ಆ ಕಾಲೇಜುಗಳಲ್ಲಿ ತೆರೆಯಬೇಕು. 2012ರ ಕಡ್ಡಾಯ ಸೇವಾ ಅಧಿನಿಯಮದ ಮೇರೆಗೆ ಸೇವೆಗೆ ಬರುವ ಪ್ಲಾಸ್ಟಿಕ್ ಸರ್ಜನ್ನರನ್ನು, ಶಸ್ತ್ರಚಿಕಿತ್ಸಾಗಾರವೇ ಇಲ್ಲದ ಕಡೆ ಕುಳ್ಳಿರಿಸದೆ, ಸುಟ್ಟಗಾಯಗಳ ವಾರ್ಡುಗಳಿಗೇ ಕಳುಹಿಸಬೇಕು. ಹಾಗೆ ಕುಳ್ಳಿರಿಸಿದರೆ ಸರ್ಕಾರಕ್ಕೂ ಲಾಭವಿಲ್ಲ, ರೋಗಿಗೂ ಇಲ್ಲ.

ಇವೆಲ್ಲಕ್ಕಿಂತ ಅಗ್ಗವಾದ, ನಮ್ಮ ಮಟ್ಟಿಗೆ ಅತ್ಯಂತ ತುರ್ತಾದ ಬೇಡಿಕೆ ಇನ್ನೊಂದುಂಟು. ಎಂ.ಎಸ್. ವಿದ್ಯಾರ್ಥಿಗಳಿಗೆಲ್ಲ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಸಾಕಷ್ಟು ಕಾಲದ ತರಬೇತಿಯನ್ನು ಕಡ್ಡಾಯಗೊಳಿಸಬೇಕು. ತುಂಡಾದ ಬೆರಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ನೀರು ಸೋರದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕೆಂಬುದನ್ನು ಅರಿಯದೆ, ಬೆರಳನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಹೂಳಿ ಕೆಡಿಸಿ ಕಳುಹಿಸಿದಲ್ಲಿ, ಮುಂದೆ ಎಂತಹ ನಿಪುಣನಿದ್ದರೂ ಅದನ್ನು ಜೋಡಿಸಲಾರನು. ಮುಂಗೈ ತುಂಡಾದಲ್ಲಿ ತಂಪಿಲ್ಲದೆ ಸುಮಾರು ಆರು ಗಂಟೆಗಳೊಳಗೆ ಅದರ ಸ್ನಾಯುಗಳು ನಿರ್ಜೀವವಾಗುತ್ತವೆ. ರಾಯಚೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಪ್ರಾರಂಭವಾಗುವುದಕ್ಕೆ ಮೊದಲೇ ಈ ವಿಷಯಗಳಲ್ಲಿ ಆಜ್ಞೆ ಹೊರಡಿಸಬೇಕೆಂದು ಪ್ರಾರ್ಥಿಸುವ,

ತಮ್ಮ ವಿಧೇಯರು,
ಉತ್ತರ ಕರ್ನಾಟಕದ ಸರ್ಕಾರಿ ಶಸ್ತ್ರವೈದ್ಯರು