ಸಿಂಥಸೈಜರ್‌ಗೂ ಬೇಕು ಒಂದು ಮಸಾಲೆ ಡಬ್ಬಿ

ಯೂಟ್ಯೂಬ್ ನೋಡಿ ಸಿಂಥಸೈಜರ್ ಕಟ್ಟಲು ಹೊರಡುವ ಹುಡುಗ ಹುಡುಗಿಯರು ಈಗ ಹಳ್ಳಿಗಳಲ್ಲೂ ಇದ್ದಾರೆ. ಅವರಲ್ಲಿ ಅರ್ಧಕ್ಕೇ ಕೈಬಿಡುವವರನ್ನು ನೋಡಿದರೆ, ವಿದ್ಯೆ ಸಾಲದೆ ಬಿಟ್ಟರು ಅಂತ ನನಗೆ ಅನಿಸುವುದಿಲ್ಲ. ಒಂದೆರಡು ರೂಪಾಯಿಯ ಕೆಪಾಸಿಟರ್ ಬೇಕಾದ ಹೊತ್ತಿಗೆ ಸಿಗದೆ ಬಿಡುತ್ತಾರೆ.

ನಾಗರಬಾವಿಯಲ್ಲಿರುವ ನಮಗೆ ಅದು ದೊಡ್ಡ ಕಷ್ಟವಲ್ಲ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. ಪಾವಗಡದವರಿಗೋ ಶಿರಸಿಯವರಿಗೋ ಅದೇ ಕೆಲಸಕ್ಕೆ ಒಂದು ದಿನ ಹಾಳು. ಆನ್‌ಲೈನ್‌ನಲ್ಲಿ ತರಿಸಿದರೆ ಸಾಮಾನಿಗಿಂತ ಕೊರಿಯರ್ ಖರ್ಚೇ ಹೆಚ್ಚು. ಹಾಗಾಗಿ ಸಾಮಾನು ಕೂಡಿಡುವ ಕ್ರಮ ಪೇಟೆಯವರಿಗಿಂತ ಹಳ್ಳಿಯವರಿಗೇ ಹೆಚ್ಚು ಬೇಕು ಅನ್ನುವುದು ನನ್ನ ವಾದ.

ಸಿಂಥಸೈಜರ್ ಅಂದರೆ ಸರ್ಕೀಟಿನಿಂದಲೇ ನಾದ ಹುಟ್ಟಿಸುವ ವಾದ್ಯ. ನಿಮ್ಮೂರ ಭಜನಾ ಮಂಡಳಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಅದರ ಹತ್ತಿರದ ನೆಂಟ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಹಮದಾಬಾದಿನ ಎನ್‌ಐಡಿಯಲ್ಲಿ ಮೂಗ್ ಸಿಂಥಸೈಜರ್ ಕೂರಿಸಿದರು. ಅದು ಪರದೇಶದಿಂದ ಬಂದ ಯಂತ್ರ. ಹತ್ತು ವರ್ಷದ ನಂತರ, 1979ರಲ್ಲಿ, ನಮ್ಮ ಬೆಂಗಳೂರಿನಲ್ಲೇ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿ, ಅದೇ ವರ್ಷ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರು ಕೊಳಲು ವಾದಕರೂ ಹೌದು, ಎಂಜಿನಿಯರೂ ಹೌದು. ಬಿಇಎಲ್, ಐಟಿಐ, ಎಚ್‌ಎಎಲ್ ಇದ್ದ ಊರಲ್ಲಿ ಇದು ಆಗಿದ್ದು ಕಾಕತಾಳೀಯ ಅಂತ ನಾನಂತೂ ನಂಬುವುದಿಲ್ಲ.

ಹೊಸಬರು ಮೊದಲು ಕೊಳ್ಳುವುದು ‘ಎಲ್ಲಾ ಬೆಲೆಯ’ ರೆಸಿಸ್ಟರ್ ಕಿಟ್. ನೋಡಲು ಚೆಂದ. ಆದರೆ 10ಕೆ, 100ಕೆ ತಿಂಗಳಲ್ಲಿ ಖಾಲಿ, 39 ಓಮ್‌ನದು ಹತ್ತು ವರ್ಷವಾದರೂ ಹಾಗೇ ಇರುತ್ತದೆ. ಅದರ ಬದಲು ನೀವು ಕಟ್ಟಬೇಕೆಂದಿರುವ ಎರಡು ಮೂರು ಸರ್ಕೀಟ್ ಬರೆದುಕೊಳ್ಳಿ. ಎರಡು ಬೇಕಾದಲ್ಲಿ ಹತ್ತು ತನ್ನಿ. ನನ್ನನ್ನು ಕೇಳಿದರೆ 40106 ಅನ್ನುವ ಐಸಿಯಿಂದ ಶುರು ಮಾಡಿ. ಹದಿನಾಲ್ಕು ಕಾಲಿನ ಆ ಒಂದು ಚಿಪ್ಪಿನಲ್ಲಿ ಆರು ಇನ್ವರ್ಟರ್‌ಗಳಿವೆ. ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದರೆ ಆರು ಸ್ವರ. ಒಂದೇ ಅಳತೆಯ ಕೆಪಾಸಿಟರ್ ಇಟ್ಟು ರೆಸಿಸ್ಟರ್ ಅರ್ಧ ಮಾಡಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲು ಮಾಡಿದರೆ ಪಂಚಮ. ಚೂರುಪಾರು ತಿದ್ದಲು ಒಂದೊಂದಕ್ಕೆ ಪ್ರಿಸೆಟ್ ಬೇಕು. ಶ್ರುತಿಪೆಟ್ಟಿಗೆಯ ಬುನಾದಿ ಅಷ್ಟೇ.

ದುಡ್ಡು ಉಳಿಸಬಾರದ ಜಾಗವೂ ಇಲ್ಲೇ ಇದೆ. ಸ್ವರ ನಿರ್ಧರಿಸುವ ಕಡೆ ಅಗ್ಗದ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಮಧ್ಯಾಹ್ನದ ಸೆಕೆಗೆ ಶ್ರುತಿ ಜಾರುತ್ತದೆ. ಅಲ್ಲಿಗೆ ಪಾಲಿಯೆಸ್ಟರ್ ಕೆಪಾಸಿಟರ್, ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ. ಬ್ಯಾಟರಿ ಇಳಿದರೂ ಸ್ವರ ಅಲುಗಾಡುತ್ತದೆ, ಅದಕ್ಕೆ 78ಎಲ್05 ರೆಗ್ಯುಲೇಟರ್ ನಾಲ್ಕಾರು ಇರಲಿ. ‘104’ ಅಂತ ಬರೆದ ಸೆರಾಮಿಕ್, ಅಂದರೆ 0.1 ಮೈಕ್ರೋಫ್ಯಾರಡ್, ಪ್ರತಿ ಐಸಿಯ ಪಕ್ಕಕ್ಕೂ ಬೇಕು. ಅದನ್ನು ನೂರರ ಲೆಕ್ಕದಲ್ಲೇ ತನ್ನಿ.

ಇನ್ನು ಜೋಡಿಸುವ ಮಾತು. ಅಂಗಡಿಯ ಪ್ಲಾಸ್ಟಿಕ್ ಡ್ರಾಯರ್‌ಗಿಂತ ಏಳು ಬಟ್ಟಲಿನ ಹಳೇ ಮಸಾಲೆ ಡಬ್ಬಿ ನನಗಿಷ್ಟ. ನಾಲ್ಕು ಪಟ್ಟಿಯ ರೆಸಿಸ್ಟರ್‌ನಲ್ಲಿ ಮೂರನೇ ಪಟ್ಟಿಯ ಬಣ್ಣ ಮಾತ್ರ ನೋಡಿ. ಕಪ್ಪು ಇದ್ದರೆ ಹತ್ತರ ಸಾಲು, ಕಂದು ನೂರರದು, ಕೆಂಪು ಸಾವಿರದ್ದು, ಕಿತ್ತಳೆ ಹತ್ತು ಸಾವಿರದ್ದು, ಹಳದಿ ಲಕ್ಷದ್ದು, ಹಸಿರು ಹತ್ತು ಲಕ್ಷದ್ದು. ಆರು ಬಟ್ಟಲು ತುಂಬಿತು. ಏಳನೆಯದು ಐದು ಪಟ್ಟಿಯ ಮೆಟಲ್ ಫಿಲ್ಮ್‌ಗೆ. ಹಳೇ ರೇಡಿಯೋ ಬೋರ್ಡಿನಿಂದ ಬಿಚ್ಚಿದ ನೂರು ರೆಸಿಸ್ಟರ್ ಹತ್ತು ನಿಮಿಷದಲ್ಲಿ ವಿಂಗಡವಾಗುತ್ತದೆ. (ಆ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಕೂಡದು. ಬೆಸುಗೆಯಲ್ಲಿ ಸೀಸ ಇರುತ್ತದೆ, ಕೈ ತೊಳೆದೇ ಊಟಕ್ಕೆ ಕೂರಿ.)

ಐಸಿಗಳನ್ನು ಥರ್ಮೋಕೋಲಿಗೆ ಚುಚ್ಚಿಡುವವರಿದ್ದಾರೆ. ಬೇಡ. ಅದರಲ್ಲಿ ಹುಟ್ಟುವ ಸ್ಟ್ಯಾಟಿಕ್ ವಿದ್ಯುತ್ತಿಗೆ 40106ನಂಥವು ಸತ್ತುಹೋಗಬಹುದು. ಚಿಪ್ ಜತೆ ಬರುವ ಕಪ್ಪು ಫೋಮ್ ಎಸೆಯಬೇಡಿ, ಇಲ್ಲವಾದರೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಕಾಲುಗಳು ತುಕ್ಕು ಹಿಡಿದರೆ ಬೆಸುಗೆ ಕೂರುವುದಿಲ್ಲ. ಹಳೇ ಸಾಮಾನಿನಲ್ಲಿ ನಾಬ್, ವಾಲ್ಯೂಮ್ ಕಂಟ್ರೋಲ್, ಸ್ಪೀಕರ್ ಉಳಿಸಿಕೊಳ್ಳಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಳತಾದರೆ ಒಣಗಿರುತ್ತದೆ, ನಂಬಬೇಡಿ. ಹಿಂಭಾಗ ಉಬ್ಬಿದ ಹಳೇ ಟಿವಿಯನ್ನಂತೂ ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಇಷ್ಟೆಲ್ಲ ಒಬ್ಬೊಬ್ಬರ ಮನೆಯಲ್ಲೂ ಇರಲಿ ಅಂತ ನಾನು ಹೇಳುತ್ತಿಲ್ಲ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶಾಲೆಗೆ 20 ಲಕ್ಷದವರೆಗೆ ಕೊಡುತ್ತದೆ, ಒಳ್ಳೆಯದೇ. ಆದರೆ ಶಾಲೆ ಬಿಟ್ಟವರಿಗೆ, ಐಟಿಐ ಮುಗಿಸಿ ಊರಲ್ಲಿರುವವರಿಗೆ, ಮೊಬೈಲ್ ರಿಪೇರಿ ಮಾಡುವ ಅಕ್ಕನಿಗೆ ಆ ಬಾಗಿಲು ತೆರೆಯುವುದು ಕಷ್ಟ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಎಲ್ಲರದು. ಪುಸ್ತಕದ ಕಪಾಟಿನ ಪಕ್ಕ ಇಂಥ ಎರಡು ಡಬ್ಬಿ, ಒಂದು ಮಲ್ಟಿಮೀಟರ್, ಒಂದು ನೋಟ್‌ಬುಕ್ ಇಟ್ಟರೆ ಖರ್ಚು ಎರಡು ಮೂರು ಸಾವಿರ ದಾಟಲಿಕ್ಕಿಲ್ಲ. ತೆಗೆದುಕೊಂಡವರು ಬರೆದಿಡಲಿ. ಯಾವುದಾದರೂ ಐದಕ್ಕಿಳಿದರೆ, ಬೆಂಗಳೂರಿಗೆ ಹೊರಟವರ ಕೈಗೆ ಚೀಟಿ ಕೊಟ್ಟರಾಯಿತು. ಭಾನುವಾರ ಮಾತ್ರ ಕಳಿಸಬೇಡಿ, ಎಸ್.ಪಿ. ರಸ್ತೆಯಲ್ಲಿ ಅವತ್ತು ಬಹುತೇಕ ಅಂಗಡಿಗೆ ಬೀಗ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನಿಂದ ಯಾರಾದರೂ ಒಬ್ಬರು ಈ ಮಾತು ಎತ್ತಿ.