ಮಕ್ಕಳ ವಿದ್ಯಾಭ್ಯಾಸ: ಪುನರಾವರ್ತನೆಯೂ ಪಂದ್ಯವೂ

ಕಳೆದ ತಿಂಗಳು ನಾವು ತಂಗಿಯ ಮನೆಗೆ ಹೋಗಿದ್ದಾಗ, ಏಳನೆಯ ತರಗತಿಯಲ್ಲಿ ಓದುತ್ತಿರುವ ಅವಳ ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದು ಅಳತೊಡಗಿದಳು. ವಿಚಾರಿಸಲಾಗಿ, ಆ ದಿನ ವಿಜ್ಞಾನದ ಪಾಠಗಳ ಪುನರಾವರ್ತನೆಗಾಗಿ ತರಗತಿಯಲ್ಲಿ ಆನ್‌ಲೈನ್ ಪ್ರಶ್ನೋತ್ತರದ ಆಟವೊಂದನ್ನು ಆಡಿಸಿದರೆಂದೂ, ಅದರಲ್ಲಿ ಅವಳಿಗೆ ಕಡೆಯ ಸ್ಥಾನ ಬಂದಿತೆಂದೂ ತಿಳಿಯಿತು. “ಮಾವ, ಉತ್ತರ ನನಗೆ ಗೊತ್ತಿತ್ತು. ಪ್ರಶ್ನೆಯನ್ನು ಓದಿ ಮುಗಿಸುವುದರೊಳಗೆ ವೇಳೆ ಮುಗಿದುಹೋಗುತ್ತಿತ್ತು” ಎಂದಳು. ಪುಸ್ತಕವನ್ನು ತೆರೆದು ನಾವು ಕೇಳಿದ ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಸರಿಯಾಗಿಯೇ ಹೇಳಿದಳು.

ಇಂತಹ ಆಟಗಳ ಹೆಸರನ್ನು ವಾಚಕರು ಮಕ್ಕಳ ಬಾಯಿಂದ ಕೇಳಿಯೇ ಇರಬಹುದು. ನಾರ್ವೆ ದೇಶದ ಕಹೂಟ್ 2013ರಲ್ಲಿ ಬಳಕೆಗೆ ಬಂದಿತು. ಕ್ವಿಜಿಜ್ ಎಂಬುದು 2015ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿ, 2025ರಲ್ಲಿ ವೇಗ್ರೌಂಡ್ ಎಂದು ಹೆಸರನ್ನು ಬದಲಿಸಿಕೊಂಡಿತು. ಕಹೂಟಿನ ಸಾಮಾನ್ಯ ಕ್ರಮದಲ್ಲಿ ಸರಿಯುತ್ತರಕ್ಕೆ ಹೆಚ್ಚೆಂದರೆ 1000 ಅಂಕ. ತಡವಾದಂತೆಲ್ಲ ಅದು ಕರಗುತ್ತ ಅವಧಿಯ ಕೊನೆಗೆ ಅರ್ಧಕ್ಕಿಳಿಯುವುದು. ಪ್ರತಿ ಪ್ರಶ್ನೆಯ ತರುವಾಯವೂ ಮುಂದಿರುವವರ ಹೆಸರುಗಳು ಪರದೆಯ ಮೇಲೆ ಮೂಡುವುವು. ಜಾತ್ರೆಯ ಗದ್ದಲ, ಜಾತ್ರೆಯ ಉತ್ಸಾಹ!

ಹಾಗೆಂದು ಈ ಆಟಗಳನ್ನು ಹಳಿಯತಕ್ಕದ್ದಲ್ಲ. ಅಮೆರಿಕದ ಸೇಂಟ್ ಲೂಯಿ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್, ಕಾರ್ಪಿಕಿ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಬಳಿಕ ಪುಸ್ತಕವಿಲ್ಲದೆ ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದ ಪಾಠವೇ ಮುಂದು. ಒಂದು ವಾರ ಕಳೆದ ಮೇಲಾದರೋ, ಅದರಲ್ಲಿ ನೂರಕ್ಕೆ 42 ಪಾಲು ಉಳಿದಿದ್ದರೆ, ನೆನಪಿನಿಂದ ಬರೆದುದರಲ್ಲಿ 56 ಪಾಲು ಉಳಿದಿತ್ತು. ಆದುದರಿಂದ ಪ್ರಶ್ನೆ ಕೇಳಿಸಿಕೊಂಡು ಉತ್ತರವನ್ನು ಹುಡುಕುವ ಶ್ರಮದಲ್ಲಿಯೇ ಲಾಭವಿರುವುದು. ಗಡಿಯಾರವನ್ನು ಓಡಿಸಿ ಆ ಶ್ರಮಕ್ಕೆ ಆಸ್ಪದವಿಲ್ಲದಂತೆ ಮಾಡಿದರೆ, ಬೆರಳಿನ ಚುರುಕುತನವನ್ನು ಅಳೆದಂತಾಗುವುದೇ ಹೊರತು ಪಾಠವನ್ನಲ್ಲ.

ಇದಕ್ಕೆ ಉಪಾಯ ದೂರದಲ್ಲಿಲ್ಲ. ಕ್ವಿಜಿಜಿನಲ್ಲಿ ಪ್ರಶ್ನೆ ಮಗುವಿನ ಕೈಯ ಪರದೆಗೇ ಬರುವುದು. ಗಡಿಯಾರವನ್ನು ನಿಲ್ಲಿಸಿಡುವ ಅನುಕೂಲವೂ ಉಂಟು. ಮಕ್ಕಳ ಕೈಗೆ ಫೋನಿಲ್ಲದ ಶಾಲೆಯಲ್ಲಿ ಪ್ಲಿಕರ್ಸ್ ಆದೀತು. ಮಕ್ಕಳು ಅಚ್ಚಿನ ರಟ್ಟನ್ನು ತಿರುಗಿಸಿ ಹಿಡಿಯುತ್ತಾರೆ, ಉಪಾಧ್ಯಾಯರ ಒಂದೇ ಫೋನು ಎಲ್ಲರ ಉತ್ತರವನ್ನೂ ಓದಿಕೊಳ್ಳುತ್ತದೆ. ಆಟ ಯಾವುದಾದರೂ ಆಗಲಿ, ಬಹುಮಂದಿ ತಪ್ಪಿದ ಪ್ರಶ್ನೆಯ ಬಳಿ ಉಪಾಧ್ಯಾಯರು ಐದು ನಿಮಿಷ ನಿಲ್ಲಬೇಕು. ಮನೆಯವರೂ “ಎಷ್ಟನೆಯವಳಾದೆ?” ಎಂಬುದನ್ನು ಬಿಟ್ಟು “ಯಾವುದು ತಪ್ಪಿತು?” ಎಂದು ಕೇಳುವುದು ಮೇಲು. (ಮೊದಲ ಪ್ರಶ್ನೆಯನ್ನು ಆ ಸಂಜೆ ನಾವೇ ಕೇಳಿದ್ದೆವೆಂಬುದನ್ನು ಮರೆಮಾಚುವುದಿಲ್ಲ.)

ನಮ್ಮ ಹುಡುಗಿ ತಪ್ಪಿದ ಎರಡರಲ್ಲಿ ಒಂದು, ಅರಿಶಿನವು ಯಾವುದರಿಂದ ಕೆಂಪಾಗುವುದೆಂಬುದು. ನಿಂಬೆಯ ಹುಳಿಯಿಂದ ಎಂದಿದ್ದಳು. ಆರತಿಯ ತಟ್ಟೆಗೆ ಅಜ್ಜಿ ಅರಿಶಿನದ ನೀರಿನಲ್ಲಿ ಸುಣ್ಣವನ್ನು ಕದಡುವುದನ್ನು ಎಷ್ಟು ಸಲ ಕಂಡಿಲ್ಲ! ನೆನಪಿಸಿದೊಡನೆ ಅಡಿಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಎರಡು ಬಟ್ಟಲುಗಳನ್ನು ಹಿಡಿದು, ಕೆಂಪು ಬೆರಳುಗಳೊಡನೆ ಹೊರಗೆ ಬಂದಳು.